ಮಗಳ ಶಾಲೆಯಲ್ಲಿ ಒಂದು ವಾರ

ಗುಮಾಸ್ತರಿಗೆ ಸುತ್ತೋಲೆಯೆಂಬುದು ಹೊಸ ವಸ್ತುವಲ್ಲ. ದಿನಕ್ಕೆ ಎರಡೋ ಮೂರೋ ಬರುತ್ತವೆ; ಓದುತ್ತೇವೆ, ರುಜು ಹಾಕುತ್ತೇವೆ, ಪಕ್ಕದ ಮೇಜಿಗೆ ದಾಟಿಸುತ್ತೇವೆ. ಆದರೆ 2024ನೆಯ ಇಸವಿ ಡಿಸೆಂಬರ್ ತಿಂಗಳ ಮೊದಲಲ್ಲಿ ಒಂದು ಸುತ್ತೋಲೆ ನೇರವಾಗಿ ನಮ್ಮ ಮನೆಗೇ ಬಂತು. ದಾಟಿಸೋಣವೆಂದರೆ ಮನೆಯಲ್ಲಿ ಪಕ್ಕದ ಮೇಜು ಎಲ್ಲಿಂದ ಬರಬೇಕು?

ಬಂದದ್ದು ಮಗಳ ಶಾಲೆಯಿಂದ. ಡಿಸೆಂಬರ್ 4ರಿಂದ 11ರವರೆಗೆ ‘ಭಾರತೀಯ ಭಾಷಾ ಉತ್ಸವ’ ನಡೆಯುವುದೆಂದೂ, ಪ್ರಾಥಮಿಕ ವಿಭಾಗದ ಪ್ರತಿಯೊಂದು ಮಗುವೂ ತನ್ನ ಮಾತೃಭಾಷೆಯಲ್ಲಿ ಹೆಸರು ಬರೆಯಬೇಕು, ಒಂದು ಕಥೆ ಹೇಳಬೇಕು, ಊರಿನ ಹಿರಿಯರಿಗೆ ಒಂದು ಕಾಗದ ಬರೆಯಬೇಕೆಂದೂ, ಇದರಲ್ಲಿ ತಂದೆತಾಯಿಗಳು ಸಹಕರಿಸಬೇಕೆಂದೂ ಅದರ ಸಾರಾಂಶ. ನಮ್ಮ ಮಗಳು ಆಗ ಮೂರನೆಯ ತರಗತಿ. ಓದಿ ಹೇಳಿದೆವು. ಅವಳು ಪೆನ್ಸಿಲ್ ಕಚ್ಚಿಕೊಂಡು ಸ್ವಲ್ಪ ಯೋಚಿಸಿ, “ಅಪ್ಪಾ, ಮೇರೀ ಮಾತೃಭಾಷಾ ಹಿಂದೀ ಹೀ ಹೈ ನಾ?” ಎಂದಳು.

ಅಡಿಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

ವಾಚಕರು ನಮ್ಮನ್ನು ಬೈಯುವುದಕ್ಕೆ ಮುಂಚೆ ನಮ್ಮ ಕಡೆಯ ಅಹವಾಲನ್ನೂ ಕೇಳಬೇಕು. ನಾವು ತಿಪಟೂರಿನ ಕಡೆಯವರು. ತುಮಕೂರಿನಲ್ಲಿ ಬಿ.ಎ. ಮುಗಿಸಿ, ಸೆಲೆಕ್ಷನ್ ಕಮಿಷನ್ನಿನ ಪರೀಕ್ಷೆ ಬರೆದು, ಹಾಸಿಗೆ ಸುರುಳಿಯೊಂದಿಗೆ ಕರ್ನಾಟಕ ಎಕ್ಸ್‌ಪ್ರೆಸ್ ಇಳಿದವರು. ಮನೆಯಲ್ಲಿ ನಾವೂ ನಮ್ಮ ಮನೆಯಾಕೆಯೂ ಆಡುವುದು ಕನ್ನಡವೇ. ಮಗಳಿಗೂ ಅದೆಲ್ಲ ಅರ್ಥವಾಗುತ್ತದೆ. ‘ನೀರು ತಾ’ ಎಂದರೆ ತರುತ್ತಾಳೆ, ‘ದೀಪ ಆರಿಸು’ ಎಂದರೆ ಆರಿಸುತ್ತಾಳೆ. ಉತ್ತರ ಮಾತ್ರ ಹಿಂದಿಯಲ್ಲಿ. ಹಾಲಿನವನು, ಬಸ್ಸಿನವನು, ಪಕ್ಕದ ಮನೆಯ ಆಂಟಿ, ಪಾರ್ಕಿನ ಗೆಳತಿಯರು, ದೂರದರ್ಶನದ ಬೊಂಬೆಗಳು ಸಹ ಹಿಂದಿಯಲ್ಲೇ ಮಾತಾಡುವಾಗ, ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಇಬ್ಬರು ಆಡುವ ಕನ್ನಡ ಎಷ್ಟು ದೂರ ಓಡೀತು? ಹೋಗಲಿ, ದೊಡ್ಡವಳಾದರೆ ಬಂದೀತು ಎಂದುಕೊಂಡು ಸುಮ್ಮನಿದ್ದೆವು. ಕಡತವನ್ನು ‘ಮುಂದೆ ಪರಿಶೀಲಿಸಬಹುದು’ ಎಂದು ಬರೆದು ಕಟ್ಟಿಡುವ ಅಭ್ಯಾಸ ಕಚೇರಿಯಿಂದ ಮನೆಗೂ ಅಂಟಿಕೊಂಡು ಬರುತ್ತದೆ.

ಇದರಲ್ಲಿ ನಿಜವಾಗಿ ನೋವಾಗುತ್ತಿದ್ದುದು ನಮ್ಮ ತಾಯಿಯವರಿಗೆ. ಪ್ರತಿ ಭಾನುವಾರ ಊರಿಗೆ ದೂರವಾಣಿ ಮಾಡುತ್ತೇವೆ. ಮೊದಲು ನಾವು, ಆಮೇಲೆ ಮನೆಯಾಕೆ, ಕೊನೆಗೆ ಮಗಳು. ಅಮ್ಮ, “ಊಟ ಆಯ್ತೇನಮ್ಮ?” ಎನ್ನುವರು. ಇವಳು, “ಹಾಂ ಅಜ್ಜೀ” ಎನ್ನುವಳು. “ಏನು ಊಟ?” ಎಂದರೆ ಇವಳು ಹಿಂದಿಯಲ್ಲಿ ನಾಲ್ಕು ಮಾತು ಹೇಳಿ ಫೋನನ್ನು ನಮ್ಮ ಕೈಗೆ ತುರುಕಿ ಓಡುವಳು. ಆಗ ಅಮ್ಮ, “ಏನೋ ಅಂದ್ಲಲ್ಲೋ, ಏನಂತೋ?” ಎಂದು ಕೇಳುವರು. ಅಜ್ಜಿಗೂ ಮೊಮ್ಮಗಳಿಗೂ ನಡುವೆ ದ್ವಿಭಾಷಿಯ ಕೆಲಸ ಮಾಡುವ ಮಗನಿಗೆ ಎಷ್ಟೇ ಸಂಬಳ ಬಂದರೂ ಅದು ಸುಖದ ನೌಕರಿಯಲ್ಲ.

ಮಗಳು ಓದುವುದು ಕೇಂದ್ರೀಯ ವಿದ್ಯಾಲಯದಲ್ಲಿ. ಸರ್ಕಾರಿ ನೌಕರರ ಪೈಕಿ ಅನೇಕರಿಗೆ ಗೊತ್ತಿರಲಾರದು: ಈ ಶಾಲೆಗಳು ಹುಟ್ಟಿದ್ದು ಎರಡನೆಯ ವೇತನ ಆಯೋಗದ ಶಿಫಾರಸ್ಸಿನಿಂದ. ಊರಿಂದೂರಿಗೆ ವರ್ಗವಾಗುವ ನೌಕರರ ಮಕ್ಕಳ ಓದು ಕೆಡಬಾರದೆಂದು ಸರ್ಕಾರ 1962ರ ನವೆಂಬರಿನಲ್ಲಿ ಯೋಜನೆಗೆ ಒಪ್ಪಿಗೆ ಕೊಟ್ಟು, ಮುಂದಿನ ವರ್ಷ ಸೈನ್ಯದ ಇಪ್ಪತ್ತು ರೆಜಿಮೆಂಟಲ್ ಶಾಲೆಗಳನ್ನು ತನ್ನ ಕೈಗೆ ತೆಗೆದುಕೊಂಡಿತು. ವೇತನ ಆಯೋಗವೆಂದರೆ ತುಟ್ಟಿಭತ್ಯದ ಲೆಕ್ಕವಷ್ಟೇ ಎಂದುಕೊಂಡಿರುವ ನಮ್ಮಂಥವರಿಗೆ ಇದೊಂದು ಸಮಾಧಾನದ ಸಂಗತಿ. ದೆಹಲಿಯಲ್ಲಿ ಭಾಷೆಯ ಹೆಸರಿನ ಶಾಲೆಗಳೂ ಉಂಟು. ತಮಿಳರ ವಿದ್ಯಾಸಂಸ್ಥೆ 1923ರಷ್ಟು ಹಿಂದಿನದು. ರೈಸೀನಾ ಬಂಗಾಳಿ ಶಾಲೆ 1925ರದು. ಆಂಧ್ರದವರದು, ಕೇರಳದವರದು ಉಂಟು. ಲೋಧಿ ಎಸ್ಟೇಟಿನಲ್ಲಿ ನಮ್ಮ ಕನ್ನಡ ಶಾಲೆಯೂ ಉಂಟು. ವಲಸೆ ಬಂದ ಗುಮಾಸ್ತರು, ಕೈಯಲ್ಲಿ ಹಣವಿಲ್ಲದಿದ್ದರೂ, ಮಕ್ಕಳ ಬಾಯಲ್ಲಿ ಮಾತು ಇರಲಿ ಎಂದು ಕಟ್ಟಿದವು ಇವು. ನಮಗೆ ಮಾತ್ರ ವರ್ಗದ ಹೆದರಿಕೆಯೂ ಬಸ್ಸಿನ ಹೆದರಿಕೆಯೂ ಸೇರಿ, ರಾಮಕೃಷ್ಣಪುರಂನ ಕ್ವಾರ್ಟರ್ಸಿನಿಂದ ನಡೆದು ಹೋಗುವಷ್ಟು ಹತ್ತಿರದ ಶಾಲೆಯೇ ಮೇಲೆನಿಸಿತು.

ಹೀಗೆ ಸಾವಿರಾರು ಮನೆಗಳಿಗೆ ಮೇಲೆನಿಸಿದ್ದರಿಂದಲೇ ಏನೋ, ಭಾಷೆಗೆ ಒಂದು ಉತ್ಸವ ಬೇಕಾಯಿತು. ಡಿಸೆಂಬರ್ 11 ತಮಿಳಿನ ಕವಿ ಸುಬ್ರಹ್ಮಣ್ಯ ಭಾರತಿಯವರು 1882ರಲ್ಲಿ ಹುಟ್ಟಿದ ದಿನ. ಅದನ್ನು ಭಾರತೀಯ ಭಾಷೆಗಳ ದಿನವಾಗಿ ಆಚರಿಸಬೇಕೆಂದು 2022ರಲ್ಲಿ ಸಲಹೆ ಮಾಡಿದ್ದು ಭಾರತೀಯ ಭಾಷಾ ಸಮಿತಿ. ಆ ಸಮಿತಿಗೆ ಅಧ್ಯಕ್ಷರಾಗಿದ್ದವರು ನಮ್ಮ ದಕ್ಷಿಣ ಕನ್ನಡದ ಕಡೆಯ ಚ. ಮೂ. ಕೃಷ್ಣಶಾಸ್ತ್ರಿಗಳು. ಸಂವಿಧಾನದಲ್ಲಿ 1956ರಿಂದಲೇ 350ಎ ಎಂಬ ವಿಧಿಯಿದೆ: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಪಾಠ ಹೇಳಲು ರಾಜ್ಯಗಳು ಸೌಕರ್ಯ ಕಲ್ಪಿಸಲು ಯತ್ನಿಸಬೇಕೆಂದು. 2020ರ ಶಿಕ್ಷಣ ನೀತಿಯಲ್ಲಿಯೂ, ಐದನೆಯ ತರಗತಿಯವರೆಗಾದರೂ ಮನೆಮಾತಿನಲ್ಲೇ ಬೋಧನೆ ನಡೆಯಲಿ ಎಂದಿದೆ, ‘ಸಾಧ್ಯವಾದೆಡೆಗಳಲ್ಲಿ’ ಎಂಬ ಮಾತಿನೊಡನೆ. ‘ಯತ್ನಿಸಬೇಕು’, ‘ಸಾಧ್ಯವಾದೆಡೆ’ ಎಂಬ ಶಬ್ದಗಳು ಕಡತದಲ್ಲಿ ಎಂಥ ಕೆಲಸ ಮಾಡುತ್ತವೆಂಬುದನ್ನು ಗುಮಾಸ್ತರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಪೀಠಿಕೆ ಸಾಕು. ಬುಧವಾರ, 4ನೆಯ ತಾರೀಖು, ಉತ್ಸವ ಆರಂಭವಾಯಿತು. ಆದರೆ ಅರ್ಧ ಶಾಲೆ ಮನೆಯಲ್ಲೇ ಇತ್ತು. ಆ ವರ್ಷದ ನವೆಂಬರಿನ ಗಾಳಿಯನ್ನು ದೆಹಲಿಯಲ್ಲಿದ್ದವರು ಮರೆತಿರಲಾರರು. ಮಕ್ಕಳ ದಿನಾಚರಣೆಯ ಸಂಜೆಯೇ, ಪ್ರಾಥಮಿಕ ತರಗತಿಗಳು ಮರುದಿನದಿಂದ ನಡೆಯುವುದಿಲ್ಲ, ಪಾಠವೇನಿದ್ದರೂ ಫೋನಿನಲ್ಲಿ ಎಂಬ ಪ್ರಕಟಣೆ ಬಂತು. 18ನೆಯ ತಾರೀಖು, ನಮ್ಮವರಿಗೆ ಕನಕ ಜಯಂತಿಯ ದಿನ, ಗಾಳಿಯ ಗುಣಮಟ್ಟದ ಸೂಚ್ಯಂಕ 494ಕ್ಕೆ ಏರಿತ್ತು. ಅಳತೆಗೋಲು ಮುಗಿಯುವುದೇ 500ಕ್ಕೆ. ನವೆಂಬರ್ 25ರ ಮೇಲೆ, ಬರುವವರು ಬರಬಹುದು, ಬಾರದವರು ಮನೆಯಿಂದಲೇ ಕೇಳಬಹುದು ಎಂದಾಯಿತು. ಹೀಗಾಗಿ ಮೊದಲ ದಿನ ನಮ್ಮ ಮಗಳೂ ಊಟದ ಮೇಜಿನ ಮುಂದೆ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಕೊಂಡು ಭಾಷಾ ಉತ್ಸವಕ್ಕೆ ಹಾಜರಾದಳು.

ಮೊದಲ ಕಾರ್ಯಕ್ರಮ, ಮಾತೃಭಾಷೆ ಯಾವುದೆಂದು ಹೇಳುವುದು. ಮೂವತ್ತೆಂಟು ಮಕ್ಕಳಲ್ಲಿ ಆರು ಏಳು ಮಂದಿಯನ್ನು ಬಿಟ್ಟು ಉಳಿದವರೆಲ್ಲ ಹಿಂದಿ ಎಂದೇ ಹೇಳಿದರಂತೆ. ನಮ್ಮವಳು ಒಬ್ಬಳೇ ಅಲ್ಲವಲ್ಲ ಎಂದು ನಮಗೆ ಒಳಗೊಳಗೇ ಸಮಾಧಾನ. ಆದರೆ ಅವರ ತರಗತಿಯ ಮೇಡಂ ಬಹಳ ಜಾಣೆ. ಮೀರತ್ ಕಡೆಯವರು, ಸ್ವಂತ ಮನೆಮಾತು ಹಿಂದಿಯೇ. ಅವರು ಸುಮ್ಮನೆ ಬರೆದುಕೊಂಡು ಬಿಡಲಿಲ್ಲ. “ಸರಿ. ಈಗ ಹೇಳಿ, ನಿಮ್ಮ ಅಜ್ಜಿಗೆ ಸಿಟ್ಟು ಬಂದರೆ ಯಾವ ಭಾಷೆಯಲ್ಲಿ ಬೈಯುತ್ತಾರೆ?” ಎಂದು ಕೇಳಿದರು.

ಕ್ಷಣದಲ್ಲಿ ಚಿತ್ರವೇ ಬದಲಾಯಿತು. ಭೋಜಪುರಿ, ಮೈಥಿಲಿ, ಗಢವಾಲಿ, ಹರಿಯಾಣವಿ, ಪಂಜಾಬಿ, ಮರಾಠಿ, ಒಡಿಯಾ, ಮಲಯಾಳ, ತಮಿಳು. ಹೀಗೆ ಒಂದೊಂದೇ ಎದ್ದು ಬಂದವು. ಫೋನಿನೊಳಗಿನಿಂದ ನಮ್ಮ ಮಗಳು, “ಮ್ಯಾಮ್, ಕನ್ನಡಾ!” ಎಂದು ಕೂಗಿದಳು. ಸೌಟು ಹಿಡಿದಿದ್ದ ನಮ್ಮ ಮನೆಯಾಕೆ, “ಅಮ್ಮಾವರು ಬೈದದ್ದು ಇವಳು ಯಾವಾಗ ಕೇಳಿದಳೋ!” ಎಂದು ನಕ್ಕಳು.

ಗೋಡೆಗೆ ಹಾಕಲು ಶಾಲೆ ಒಂದು ಮರದ ಚಿತ್ರ ಮಾಡಿಸಿತ್ತು. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಇಪ್ಪತ್ತೆರಡು ಭಾಷೆಗಳಿಗೆ ಇಪ್ಪತ್ತೆರಡು ಎಲೆ. ಮೈಥಿಲಿಗೆ ಎಲೆಯಿತ್ತು, ಅದು 2003ರ ತಿದ್ದುಪಡಿಯಿಂದ ಡೋಗ್ರಿ, ಬೋಡೊ, ಸಂತಾಲಿಗಳೊಡನೆ ಒಳಕ್ಕೆ ಬಂದದ್ದು. ಗಢವಾಲಿಗೂ ಭೋಜಪುರಿಗೂ ಎಲೆಯಿರಲಿಲ್ಲ. ಪೌಡಿಯ ಕಡೆಯ ಹುಡುಗಿಯೊಬ್ಬಳು ತನ್ನ ಎಲೆಯನ್ನು ಹುಡುಕಿ ಹುಡುಕಿ ಕೊನೆಗೆ ಅತ್ತುಬಿಟ್ಟಳಂತೆ. ಅನುಸೂಚಿಯನ್ನು ತಿದ್ದಬೇಕಾದರೆ ಪಾರ್ಲಿಮೆಂಟು ಬೇಕು. ಮೇಡಂ ಹಸಿರು ಕಾಗದವನ್ನೂ ಕತ್ತರಿಯನ್ನೂ ತಂದು ಎರಡು ನಿಮಿಷದಲ್ಲಿ ಎರಡು ಎಲೆ ಹೆಚ್ಚಿಸಿದರು.

ಗುರುವಾರ ಸಂಜೆ ಸುಪ್ರೀಂ ಕೋರ್ಟಿನ ಅನುಮತಿಯಿಂದ ನಿರ್ಬಂಧಗಳು ಸಡಿಲವಾದವು. ಶುಕ್ರವಾರ ಮಕ್ಕಳೆಲ್ಲರೂ ಶಾಲೆಗೆ ಬಂದರು. ಆ ಮಧ್ಯಾಹ್ನ ತಂದೆತಾಯಿಗಳಿಗೂ ಆಹ್ವಾನವಿತ್ತು. ಅರ್ಧ ದಿನದ ಆಕಸ್ಮಿಕ ರಜೆಗೆ ಅರ್ಜಿ ಕೊಟ್ಟಾಗ ಮೇಲಧಿಕಾರಿಗಳು ಕಾರಣವನ್ನು ಎರಡು ಸಲ ಓದಿಕೊಂಡು, “ನಾಲಿಗೆ ತಿರುಗಿಸುವ ಸ್ಪರ್ಧೆಯೇ? ನಿಮಗೋ, ಮಗುವಿಗೋ?” ಎಂದರು. ರಜೆಯೇನೋ ಸಿಕ್ಕಿತು.

ಅಂದಿನ ಆಟವೆಂದರೆ, ಪ್ರತಿ ಮಗುವೂ ತನ್ನ ಭಾಷೆಯ ಕಷ್ಟದ ಮಾತೊಂದನ್ನು ಹೇಳಿಕೊಡಬೇಕು, ಉಳಿದವರು ಹೇಳಬೇಕು. ತಮಿಳಿನ ಹುಡುಗಿ ತನ್ನ ಭಾಷೆಯ ಹೆಸರಿನ ಕೊನೆಯಲ್ಲಿ ಬರುವ ಅಕ್ಷರವನ್ನು ಹೇಳಿಕೊಟ್ಟಳು. ಹಳಗನ್ನಡದಲ್ಲಿ ನಮಗೂ ಅದು ಇತ್ತು. ನಾವು ಕಳೆದುಕೊಂಡು ನೂರಾರು ವರ್ಷಗಳಾದವು. ತರಗತಿಯೆಲ್ಲ ನಾಲಿಗೆಯನ್ನು ಎಲ್ಲೆಲ್ಲಿಯೋ ಮಡಿಸಿ ಸೋತಿತು. ನಮ್ಮ ಮಗಳಿಗೆ ಹಿಂದಿನ ರಾತ್ರಿ ನಾವು ತರೀಕೆರೆಯ ಏರಿಯ ಮೇಲಿನ ಕುರಿಮರಿಗಳನ್ನು ಕಲಿಸಹೋಗಿ, ಅವು ಮೂರಾಗಿ ಆರಾಗಿ ಚೆದುರಿ, ಕೊನೆಗೆ ‘ಬಾಳೆಹಣ್ಣು’ ಎಂಬ ಒಂದೇ ಮಾತಿಗೆ ರಾಜಿಯಾಗಿದ್ದೆವು. ಅವಳು ಎದ್ದು ನಿಂತು, ಕೈಕಟ್ಟಿ, ಗಟ್ಟಿಯಾಗಿ ಹೇಳಿದಳು: “ಬಾಲೆಹನ್ನು.”

ನಮ್ಮ ಕಿವಿ ಬೆಚ್ಚಗಾಯಿತು. ಎಂಟು ವರ್ಷ ಮನೆಯಲ್ಲಿ ದಿನವೂ ತಿಂದ ಹಣ್ಣು! ಮನೆಯಾಕೆ ಮೆಲ್ಲಗೆ, “ಳ, ಳ, ಳೆ” ಎಂದು ತುಟಿಯಾಡಿಸಿದಳು. ತರಗತಿಯೆಲ್ಲ “ಬಾಲೆಹನ್ನು” ಎಂದಿತು. ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, ತಲೆಗೆ ಕುಲಾವಿ, ಮೂಗಿನಲ್ಲಿ ಶೀತ, ನಮ್ಮ ತುಟಿಯನ್ನೇ ನೋಡುತ್ತಿದ್ದವನು, “ಬಾಳೆಹಣ್ಣು” ಎಂದ. ಅಪ್ಪಟ ಳಕಾರ, ಅಪ್ಪಟ ಣಕಾರ. ನಮ್ಮ ತಿಪಟೂರಿನ ಸಂತೆಯಲ್ಲಿ ಬುಟ್ಟಿ ಇಳಿಸಿದ ಹಾಗೆ.

ವಿಚಾರಿಸಿದರೆ ಹುಡುಗ ಹರಿಯಾಣದವನು, ಝಜ್ಜರಿನ ಕಡೆಯವನು. ಅವರ ಮನೆಮಾತಿನಲ್ಲಿ ಳ, ಣ ಎರಡೂ ಜೀವಂತವಾಗಿವೆ. ಶಾಲೆಯ ಹಿಂದಿಯಲ್ಲಿ ‘ಕಾಲಾ’ ಎನ್ನುವುದನ್ನು ಅವನ ತಾತ ‘ಕಾಳಾ’ ಎನ್ನುತ್ತಾರೆ. ‘ಪಾನೀ’ ಎನ್ನುವುದನ್ನು ‘ಪಾಣೀ’ ಎನ್ನುತ್ತಾರೆ. ಮೂರು ವರ್ಷದಿಂದ ಶಾಲೆಯಲ್ಲಿ ಅವನು ಹಾಗೆ ಹೇಳಿದಾಗಲೆಲ್ಲ ಹಳ್ಳಿಯ ಮಾತು ಎಂದು ಮಕ್ಕಳು ನಗುತ್ತಿದ್ದರಂತೆ. ಅಂದು ಮೇಡಂ ಅವನನ್ನು ಮುಂದಕ್ಕೆ ಕರೆದು ಕಪ್ಪು ಹಲಗೆಯ ಬಳಿ ನಿಲ್ಲಿಸಿ, “ಇವನೇ ಇವತ್ತಿನ ಮೇಷ್ಟರು, ನಾಲಿಗೆ ಎಲ್ಲಿಡಬೇಕೆಂದು ತೋರಿಸು” ಎಂದರು. ಅವನು ಬಾಯಿ ತೆರೆದು ನಾಲಿಗೆಯನ್ನು ಹಿಂದಕ್ಕೆ ಮಡಿಸಿ ತೋರಿಸಿದ. ಮೂವತ್ತೇಳು ಬಾಯಿಗಳು ತೆರೆದವು. ಕನ್ನಡದ ಹುಡುಗಿಗೆ ಕನ್ನಡದ ಳಕಾರವನ್ನು ಝಜ್ಜರಿನ ಜಾಟರ ಹುಡುಗ ಕಲಿಸಿದ. ಮೂರನೆಯ ಸಲಕ್ಕೆ ಅವಳಿಗೆ ಬಂತು. ಬಂದ ಮೇಲೆ ನಿಲ್ಲಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಬೇಳೆ, ಕೊಳ, ಕೋಳಿ, ಮಳೆ ಎಂದು ಹೇಳುತ್ತಲೇ ಬಂದಳು.

ಶನಿವಾರ ತಿಂಡಿಯ ದಿನ. ಇದನ್ನು ವಿಸ್ತರಿಸುವುದಿಲ್ಲ. ಚಿತ್ರಾನ್ನ, ಲಿಟ್ಟಿ, ಪುಟ್ಟು, ಪೋಹೆ, ಪರೋಟ ಎಲ್ಲವೂ ಬಂದವು. ಮಕ್ಕಳು ತಮ್ಮದನ್ನು ಬಿಟ್ಟು ಇತರರದನ್ನೆಲ್ಲ ತಿಂದರು. ಮನೆಯಾಕೆ ಡಬ್ಬದ ಮುಚ್ಚಳವೊಂದನ್ನು ಕಳೆದುಕೊಂಡಳು.

ಭಾನುವಾರ ಶಾಲೆಗೆ ರಜ, ಆದರೆ ನಮಗೆ ವಾರದ ದೊಡ್ಡ ದಿನ ಅದೇ. ಸೋಮವಾರ ಕಥೆ ಹೇಳಬೇಕಾಗಿತ್ತು. ನಿಯಮವೇನೆಂದರೆ ಪುಸ್ತಕದ ಕಥೆ ಕೂಡದು, ಮನೆಯ ಹಿರಿಯರ ಬಾಯಿಂದ ಕೇಳಿದ್ದಾಗಬೇಕು. ನಾವು ಪುಣ್ಯಕೋಟಿಯನ್ನು ಹೇಳೋಣವೆಂದು ಗಂಟಲು ಸರಿಮಾಡಿಕೊಂಡೆವು. ಮಗಳು, “ನೀವು ಹಿರಿಯರಲ್ಲ, ಅಪ್ಪ” ಎಂದಳು. ಈ ಮಾತನ್ನು ಕನ್ನಡದಲ್ಲೇ ಹೇಳಿದಳೆಂಬುದನ್ನು ಆಗ ನಾವು ಗಮನಿಸಲಿಲ್ಲ. ಊರಿಗೆ ಫೋನು ಮಾಡಿದೆವು. ವಿಷಯ ಕೇಳಿ ಅಮ್ಮ ಒಂದು ನಿಮಿಷ ಸುಮ್ಮನಾದರು. ಆಮೇಲೆ, “ಅವಳ ಕೈಗೇ ಕೊಡು. ನೀನು ಮಧ್ಯ ಬಾಯಿ ಹಾಕಬೇಡ” ಎಂದರು.

ಅಮ್ಮ ಆರಿಸಿದ್ದು ಕಾಗಕ್ಕ ಗುಬ್ಬಕ್ಕನ ಕಥೆ. ಕಾಗಕ್ಕನದು ಸಗಣಿಯ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಜೋರು ಮಳೆ ಹುಯ್ದು ಕಾಗಕ್ಕನ ಮನೆ ಕರಗಿ ಹೋಗುತ್ತದೆ. ಅದು ಬಂದು ಗುಬ್ಬಕ್ಕನ ಬಾಗಿಲು ತಟ್ಟುತ್ತದೆ. ಗುಬ್ಬಕ್ಕ, ಮಗುವಿಗೆ ನೀರು ಹಾಕುತ್ತಿದ್ದೇನೆ ತಾಳು, ಹಾಲು ಕುಡಿಸುತ್ತಿದ್ದೇನೆ ತಾಳು, ತೊಟ್ಟಿಲು ತೂಗುತ್ತಿದ್ದೇನೆ ತಾಳು ಎಂದು ಒಳಗಿನಿಂದಲೇ ಹೇಳುತ್ತ ಹೋಗುತ್ತದೆ. ಓದುಗರಲ್ಲಿ ಬಹುಮಂದಿ ಕೇಳಿರುತ್ತೀರಿ. ಕೊನೆ ಮಾತ್ರ ಒಬ್ಬೊಬ್ಬರ ಮನೆಯಲ್ಲಿ ಒಂದೊಂದು. ಎ. ಕೆ. ರಾಮಾನುಜನ್ ಅವರು ಕನ್ನಡ ನಾಡಿನ ಮನೆಮನೆಯ ಕಥೆಗಳನ್ನು ಕೂಡಿಸಿ ಇಂಗ್ಲಿಷಿಗೆ ತಂದ ಸಂಗ್ರಹದಲ್ಲಿ ಈ ಅಕ್ಕಂದಿರೂ ಇದ್ದಾರೆ. ಅವರು 1993ರಲ್ಲಿ ತೀರಿಕೊಂಡ ನಾಲ್ಕು ವರ್ಷಗಳ ಮೇಲೆ ಆ ಪುಸ್ತಕ ಅಮೆರಿಕದಲ್ಲಿ ಅಚ್ಚಾಯಿತು.

ನಾವು ಪತ್ರಿಕೆ ಹಿಡಿದುಕೊಂಡು ಓದುವಂತೆ ನಟಿಸುತ್ತ ಕುಳಿತಿದ್ದೆವು. ಮೊದಲು ಇವಳ ಕಡೆಯಿಂದ ಬರಿಯ ‘ಹೂಂ’. ಸ್ವಲ್ಪ ಹೊತ್ತಿಗೆ, “ಸಗಣಿ ಅಂದರೆ?” ಎಂದಳು. ಅಮ್ಮ ಏನು ವಿವರಿಸಿದರೋ, “ಛೀ!” ಎಂದು ಕುಣಿದಳು. ಆಮೇಲೆ ಬಂದ ಪ್ರಶ್ನೆ ನಮಗೆ ಚೆನ್ನಾಗಿ ನೆನಪಿದೆ. “ಅಜ್ಜೀ, ಕಾಗಕ್ಕ ಮಳೇಲಿ ನೆನೀತಾ ಇದೆ. ಗುಬ್ಬಕ್ಕ ಯಾಕೆ ಬೇಗ ಬಾಗಿಲು ತೆಗೆಯಲ್ಲ?” ಫೋನಿನಿಂದ ಅಮ್ಮನ ದನಿ ನಮಗೂ ಕೇಳಿಸಿತು: “ಒಂಟಿ ಹೆಂಗಸಿಗೆ ಕೆಲಸ ಮುಗಿಯೋದು ಅಂತ ಇರುತ್ತೇನಮ್ಮ?” ಇಪ್ಪತ್ತೆರಡು ನಿಮಿಷ ಮಾತು ನಡೆಯಿತು. ನಡುವೆ ಒಂದು ಸಲವೂ ಫೋನು ನಮ್ಮ ಕೈಗೆ ಬರಲಿಲ್ಲ. ಅದುವರೆಗಿನ ದಾಖಲೆ ಒಂದೂವರೆ ನಿಮಿಷ.

ಸೋಮವಾರ ಕಥೆ ಹೇಳುವಾಗ ನಾವು ಅಲ್ಲಿರಲಿಲ್ಲ. ಎರಡನೆಯ ಅರ್ಧ ರಜೆ ಕೇಳುವ ಧೈರ್ಯ ಬರಲಿಲ್ಲ. ಮೇಡಂ ಚಿತ್ರೀಕರಿಸಿ ಕಳಿಸಿದ್ದನ್ನು ಊಟದ ಬಿಡುವಿನಲ್ಲಿ ಕಚೇರಿಯ ಮೆಟ್ಟಿಲ ಮೇಲೆ ಕುಳಿತು ನೋಡಿದೆವು. ಕನ್ನಡವೇನೂ ಶುದ್ಧವಾಗಿರಲಿಲ್ಲ. ‘ಮಳೆ’ ಸರಿಯಾಗಿ ಬಂತು, ‘ಬಾರಿಶ್’ ಕೂಡ ಒಂದು ಸಲ ನುಸುಳಿತು. ಕಾಗಕ್ಕ ಒಮ್ಮೆ ಗಂಡಾಗಿ ಒಮ್ಮೆ ಹೆಣ್ಣಾಗಿ ಓಡಾಡಿತು. ಬಾಗಿಲು ತಟ್ಟುವ ಭಾಗ ಬಂದಾಗ ಮೇಜನ್ನು ಕುಟ್ಟಿದಳು. ಅಷ್ಟರಲ್ಲಿ ಸಾತಾರದ ಕಡೆಯ ಹುಡುಗನೊಬ್ಬ ಎದ್ದು ನಿಂತು, ಇದು ನಮ್ಮ ಚಿವೂ ಕಾವೂ ಕಥೆ, ಇವಳು ನಮ್ಮದನ್ನು ಕದ್ದಿದ್ದಾಳೆ ಎಂದು ಕೂಗಿದ. ಮರಾಠಿಯಲ್ಲಿಯೂ ಕಾಗೆಯದು ಸಗಣಿಯ ಮನೆಯೇ; ಗುಬ್ಬಿಯದು ಮಾತ್ರ ಮೇಣದ್ದು. ನಮ್ಮವಳು ಸೊಂಟಕ್ಕೆ ಕೈಯಿಟ್ಟು, ಮೇಣವಾದರೆ ಬಿಸಿಲಿಗೆ ಕರಗಿ ಹೋಗುತ್ತದೆ, ನಮ್ಮ ಕಲ್ಲೇ ಗಟ್ಟಿ ಎಂದು ವಾದಿಸಿದಳು. ಬೆಳಗಾವಿಯ ಪ್ರಶ್ನೆಗಿಂತ ಇದು ಬೇಗ ಇತ್ಯರ್ಥವಾಯಿತು: ಮೇಡಂ ಇಬ್ಬರಿಂದಲೂ ಒಂದೊಂದು ವಾಕ್ಯದಂತೆ ಕಥೆಯನ್ನು ಕೊನೆಯವರೆಗೆ ಹೇಳಿಸಿದರು.

ಮಂಗಳವಾರ ಕಾಗದದ ದಿನ. ಶಾಲೆಯವರೇ ಅಂಚೆ ಕಾರ್ಡುಗಳನ್ನು ತರಿಸಿದ್ದರು, ಒಂದಕ್ಕೆ ಐವತ್ತು ಪೈಸೆ. ಅಜ್ಜಿಗೋ ತಾತನಿಗೋ ಮಾತೃಭಾಷೆಯಲ್ಲಿ ಬರೆಯಬೇಕು. ಇಲ್ಲಿ ನಮ್ಮ ಬಂಡವಾಳ ಪೂರ್ತಿ ಬಯಲಾಯಿತು. ಮಾತು ಹೇಗೋ ಕಿವಿಯಲ್ಲಿತ್ತು, ನಾಲಿಗೆಗೆ ಇಳಿಯಿತು, ಅಕ್ಷರ ಎಲ್ಲಿತ್ತು? ಮೂರನೆಯ ತರಗತಿ ಮುಗಿಯುವ ಹೊತ್ತಿಗೆ ಮಗು ನಿಮಿಷಕ್ಕೆ ಅರವತ್ತು ಶಬ್ದಗಳನ್ನಾದರೂ ಅರ್ಥ ತಿಳಿದು ಓದಬೇಕೆಂದು 2021ರಲ್ಲಿ ಆರಂಭವಾದ ನಿಪುಣ್ ಭಾರತ್ ಯೋಜನೆಯ ಗುರಿ. ನಮ್ಮ ಮಗಳು ಹಿಂದಿಯಲ್ಲಿ ಅದನ್ನು ದಾಟಿದ್ದಾಳೆ, ಇಂಗ್ಲಿಷಿನಲ್ಲಿ ಹತ್ತಿರದಲ್ಲಿದ್ದಾಳೆ. ಕನ್ನಡದಲ್ಲಿ ನಿಮಿಷಕ್ಕೆ ಸೊನ್ನೆ. ನಲವತ್ತೊಂಬತ್ತು ಅಕ್ಷರಗಳ ಪೈಕಿ ತನ್ನ ಹೆಸರಿನಲ್ಲಿರುವ ಮೂರನ್ನು ಮಾತ್ರ ಬಲ್ಲಳು, ಅವನ್ನೂ ಬುಧವಾರ ಹೆಸರಿನ ಚೀಟಿಗಾಗಿ ಕಲಿತದ್ದು.

ಹಿಂದಿನ ರಾತ್ರಿ ನಾವು, “ಹೇಳು, ಬರೆದುಕೊಡುತ್ತೇವೆ, ನೀನು ಮೇಲೆ ತಿದ್ದಿದರಾಯಿತು” ಎಂದೆವು. ಒಪ್ಪಲಿಲ್ಲ. ಮೇಡಂ ತಾನಾಗಿ ಬರೆಯಬೇಕೆಂದಿದ್ದಾರೆ. ಸರಿ, ಹತ್ತೂವರೆಯವರೆಗೆ ಮೂವರೂ ಕುಳಿತೆವು. ‘ಅಜ್ಜಿ’ ಎಂಬ ಒಂದು ಮಾತಿಗೆ ಅರ್ಧ ಗಂಟೆ ಹಿಡಿಯಿತು. ಹಿಂದಿಯಲ್ಲಿ ಅರ್ಧಾಕ್ಷರ ಪಕ್ಕದಲ್ಲಿ ನಿಲ್ಲುತ್ತದೆ. ಕನ್ನಡದಲ್ಲಿ ಕೆಳಗೆ ಒತ್ತು. “ಯಾಕೆ ಕೆಳಗೆ ಕೂರಿಸೋದು?” ಎಂದು ಕೇಳಿದಳು. ಬಿ.ಎ.ಯಲ್ಲಿ ಕನ್ನಡ ಓದಿದವರು ನಾವು, ಉತ್ತರ ತೋಚಲಿಲ್ಲ. ಮರುದಿನ ಶಾಲೆಯಲ್ಲಿ ಅವಳು ಬರೆದ ಕಾರ್ಡು ಹೀಗಿತ್ತು: ಮೇಲೆ ‘ಅಜಿ’, ಒತ್ತು ಬಿಟ್ಟುಹೋಗಿದೆ. ಕೆಳಗೆ ‘ಕಥೆ ಚನಾಗಿದೆ’. ಅದರ ಕೆಳಗೆ ತನ್ನ ಹೆಸರು. ಉಳಿದ ಜಾಗದಲ್ಲಿ ಒಂದು ಗುಬ್ಬಿ, ಒಂದು ಕಾಗೆ, ಕಲ್ಲಿನ ಮನೆ. ವಿಳಾಸ ಮಾತ್ರ ಮೇಡಂ ಇಂಗ್ಲಿಷಿನಲ್ಲಿ ಬರೆದರು, ಆರು ಅಂಕಿಯ ಪಿನ್ ಕೋಡ್ ಸಹಿತ.

ಬುಧವಾರ, 11ರಂದು, ಮುಕ್ತಾಯ. ರಜೆಯ ಅರ್ಜಿಯ ಮೇಲೆ ಈ ಸಲ ಅಧಿಕಾರಿಗಳು ಏನೂ ಕೇಳದೆ ರುಜು ಹಾಕಿದರು; ಅವರ ಮೊಮ್ಮಗನ ಶಾಲೆಯಲ್ಲೂ ಅದೇ ಉತ್ಸವವಂತೆ. ಭಾರತಿಯವರ ಪಟಕ್ಕೆ ಹಾರ, ತಮಿಳು ಹುಡುಗಿಯ ತಾಯಿಯಿಂದ ಎರಡು ಮಾತು, ಮುಖ್ಯೋಪಾಧ್ಯಾಯಿನಿಯವರಿಂದ ಹತ್ತು ಮಾತು. ಭಾಷಣಗಳಲ್ಲಿ ಭಾಷೆಗಳೆಲ್ಲ ನದಿಗಳಾಗಿ ಹರಿದು ಸಮುದ್ರ ಸೇರಿದವು, ಅದನ್ನು ಬಿಡೋಣ. ಕೊನೆಯಲ್ಲಿ ಮೂರನೆಯ ತರಗತಿಯ ಏಳು ಮಂದಿ ಮಕ್ಕಳು ಪಂಜೆ ಮಂಗೇಶರಾಯರ ‘ನಾಗರಹಾವೆ’ ಹಾಡಿದರು. ಪಂಜ

ೆಯವರು ತಾವೇ ಶಾಲಾ ಮೇಷ್ಟರಾಗಿದ್ದವರು, 1937ರಲ್ಲಿ ತೀರಿಕೊಂಡರು. ಅವರ ಹಾಡು ದೆಹಲಿಯ ಶಾಲೆಯಲ್ಲಿ ಒಬ್ಬ ಮರಾಠಿ, ಇಬ್ಬರು ಬಿಹಾರಿ, ಒಬ್ಬಳು ಗಢವಾಲಿಯ ಬಾಯಲ್ಲಿ ಬಂತು. ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದವನು ಝಜ್ಜರಿನ ಹುಡುಗ. ಳಕಾರ ಬಂದಲ್ಲೆಲ್ಲ ನಮ್ಮ ಮಗಳ ಕಡೆಗೆ ತಿರುಗಿ, ಸರಿಯಾಗಿ ಹೇಳಿದಳೋ ಇಲ್ಲವೋ ಎಂದು ನೋಡುತ್ತಿದ್ದ.

ಬಹುಮಾನದ ಪಟ್ಟಿಯಲ್ಲಿ ನಮ್ಮ ಮಗಳ ಹೆಸರಿರಲಿಲ್ಲ. ಕಥೆಯ ಮೊದಲ ಬಹುಮಾನ ಒಡಿಯಾ ಹುಡುಗನಿಗೆ ಹೋಯಿತು, ನ್ಯಾಯವಾಗಿಯೇ. ಎಲ್ಲ ಮಕ್ಕಳಿಗೂ ಕೊಟ್ಟ ಪ್ರಮಾಣಪತ್ರ ಇವಳಿಗೂ ಬಂತು. ಅದರಲ್ಲಿ ‘ಮಾತೃಭಾಷೆ’ ಎಂಬುದರ ಮುಂದೆ ಖಾಲಿ ಬಿಟ್ಟಿದ್ದರು, ಮಕ್ಕಳೇ ತುಂಬಬೇಕೆಂದು. ಮನೆಗೆ ತಂದು ನಮ್ಮ ಎದುರಿನಲ್ಲಿಯೇ ತುಂಬಿದಳು. ‘ಕನಡ’ ಎಂದು ಬರೆದು, ನಮ್ಮ ಮುಖ ನೋಡಿ, ತಾನೇ ಕೆಳಗೆ ಒತ್ತು ಕೂರಿಸಿದಳು.

ಚಿತ್ರೀಕರಿಸಿದ ಕಥೆಯನ್ನು ಊರಿಗೂ ಕಳಿಸಿದ್ದೆವು. ಪಕ್ಕದ ಮನೆಯ ಹುಡುಗನ ಫೋನಿನಲ್ಲಿ ಅಮ್ಮ ಅದನ್ನು ನಾಲ್ಕು ಸಲ ನೋಡಿದರಂತೆ. ಏನೆನ್ನುವರೋ ಎಂದು ಕಾದರೆ, “ಮಗೂಗೆ ಕಾಡಿಗೆ ಹಚ್ಚೋದು ಬಿಟ್ಟುಬಿಟ್ಟಿದ್ದಾಳೆ. ನೀರು ಹಾಕಿದ ಮೇಲೆ ಕಾಡಿಗೆ, ಆಮೇಲೆ ಹಾಲು. ಅವಳಿಗೇ ಕೊಡು ಫೋನು, ಹೇಳ್ತೀನಿ” ಎಂದರು.

ಕಾರ್ಡು ಊರು ಮುಟ್ಟಲು ಒಂಬತ್ತು ದಿನ ಹಿಡಿಯಿತು. ಹೊಸ ವರ್ಷ ಹುಟ್ಟಿದ ಮೇಲೆ ಅದಕ್ಕೆ ಉತ್ತರವಾಗಿ ಇನ್ನೊಂದು ಕಾರ್ಡು ಬಂತು. ನಮ್ಮ ತಾಯಿಯವರು ನಾಲ್ಕನೆಯ ತರಗತಿಯವರೆಗೆ ಓದಿದವರು. ಪೂರ್ಣವಿರಾಮವಿಲ್ಲ, ಅಂಚಿನವರೆಗೂ ತುಂಬಿದ ದುಂಡು ಅಕ್ಷರ, ಕಾರ್ಡಿನ ಎರಡೂ ಕಡೆ. ಸಂಜೆ ನಾವು ಕಚೇರಿಯಿಂದ ಬಂದು, “ಕೊಡು, ಓದಿ ಹೇಳುತ್ತೇವೆ” ಎಂದು ಕೈ ಚಾಚಿದರೆ ಮಗಳು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಅಕ್ಷರಮಾಲೆಯ ಪಟವೊಂದನ್ನು ಪಕ್ಕದಲ್ಲಿಟ್ಟುಕೊಂಡು, ದಿನಕ್ಕೆ ಒಂದು ಸಾಲು, ಕೆಲವು ದಿನ ಅರ್ಧ ಸಾಲು, ಬೆರಳಿಟ್ಟು ಓದುತ್ತ ಹೋದಳು. ಅದರಲ್ಲಿ ಏನಿದೆಯೆಂದು ನಮಗೆ ಹೇಳಲಿಲ್ಲ. ಕಾರ್ಡಿನಲ್ಲಿ ಹದಿನಾಲ್ಕು ಸಾಲುಗಳಿದ್ದುವು.